ಐದು ತಗಡು

ಬೆರಿಲ್ ಸ್ಟ್ಯಾನಿಫೋರ್ತ್, ಎಪ್ಪತ್ತೊಂದು.
ಶೆಫೀಲ್ಡಿನ ಅರುಂಡೆಲ್ ಬೀದಿಯ ಹಿಂದಣ ಅಂಗಳದಲ್ಲಿ
ಹಿತ್ತಾಳೆಯ ಮೇಲೆ ಹೆಸರು ಕೊರೆಯುವವಳು.
ನಾನು ಅವಳ ಕಿವಿ ನೋಡುವವಳು.

ಸದ್ದು ಹೊಕ್ಕದ ಗೂಡಿನಲ್ಲಿ ಕೂರಿಸಿ, ಹೆಡ್‌ಫೋನು ತೊಡಿಸಿ,
ಕೇಳಿದಾಗಲೆಲ್ಲ ಗುಂಡಿ ಒತ್ತಿ ಅನ್ನುತ್ತೇನೆ.
ಒತ್ತುತ್ತಾಳೆ. ಒತ್ತುತ್ತಾಳೆ. ಆಮೇಲೆ
ಸುಮ್ಮನೆ ನನ್ನ ಮುಖ ನೋಡುತ್ತಾಳೆ.
ನಕ್ಷೆಯ ಗೆರೆ ನೆಟ್ಟಗೆ ನಡೆದು ಬಂದು
ನಾಲ್ಕು ಸಾವಿರದ ಹತ್ತಿರ ಬಾವಿಗೆ ಬೀಳುತ್ತದೆ.

ಹದಿನಾರಕ್ಕೇ ಆಟರ್‌ಕ್ಲಿಫ್ಫಿನ ಉಕ್ಕಿನ ಕುಲುಮೆ ಸೇರಿದ್ದಳಂತೆ.
ಲೆಕ್ಕದ ಚೀಟಿ ಬರೆಯುವ ಕೆಲಸ,
ಮೇಜಿನಿಂದ ಹತ್ತು ಮಾರು ಆಚೆಗೆ ಐದು ಟನ್ನಿನ ಸುತ್ತಿಗೆ.
ಕಿವಿಗೆ ಹತ್ತಿ ತುರುಕಿದರೆ ಗಂಡಸರು ನಗುತ್ತಿದ್ದರು.
ಒಂಬತ್ತು ವರ್ಷ.

ಮೊದಲು ಹೋದದ್ದು ಹಕ್ಕಿ, ಅಂದಳು.
ಆಮೇಲೆ ಕೆಟಲಿನ ಸಿಳ್ಳು, ಮೊಮ್ಮಗಳ ಪಿಸುಮಾತು,
ಮಾತಿನೊಳಗಿನ ಸಕಾರ, ಶಕಾರ,
ತೆಳ್ಳಗಿನವೆಲ್ಲ ಸದ್ದಿಲ್ಲದೆ ಎದ್ದು ಹೋದವು
ಎಲೆ ಮಡಚಿಟ್ಟು ಹೊರಟ ನೆಂಟರ ಹಾಗೆ.
ಉಳಿದದ್ದು ದಪ್ಪನೆಯವು:
ಲಾರಿ, ಗುಡುಗು,
ಪಕ್ಕದ ಗೋದಾಮಿನಲ್ಲಿ ಶನಿವಾರ ರಾತ್ರಿ ಕುಣಿಯುವವರ ಡ್ರಮ್ಮು.

ಚಳಿಗಾಲ ಬಂದರೆ ಲಂಡನ್ನಿನಿಂದ ಅವಳಿಗೊಂದು ಪಾರ್ಸಲ್ಲು.
ಡಾನ್ಸ್ ಮತ್ತು ಎಲೆಕ್ಟ್ರಾನಿಕ್, ವರ್ಷದ ಆಲ್ಬಮ್.
ಕಣದಲ್ಲಿ ಐವರು, ಗೆದ್ದವರು ಯಾರೆಂಬುದು ಗುಟ್ಟು,
ಹಾಗಾಗಿ ಐದೂ ಹೆಸರು ಕೊರೆದು ಕಳಿಸಬೇಕು.
ಆ ಹೊತ್ತು ಒಂದಕ್ಕೆ ತಿರುಪು ಬಿಗಿಯುತ್ತಾರೆ.
ಮಿಕ್ಕ ನಾಲ್ಕು ಬೆರಿಲ್‌ಗೆ ವಾಪಸು,
ಕರಗಿಸಿಬಿಡಿ ಎಂಬ ಚೀಟಿಯ ಸಮೇತ.

ಈ ಸಲದ ಮೂರನೆಯ ಹೆಸರು ಶಾನೆಲ್ ಬ್ಯಾಗ್‌ಶಾ.
ಇದೇ ಊರಿನವಳು, ಟ್ರ್ಯಾಮ್ ಡ್ರೈವರನ ಮಗಳು.
ಆಲ್ಬಮ್ಮಿನ ಹೆಸರು ‘ಹತ್ತರಿಂದ ಆರು’.
ಕುಲುಮೆಯ ರಾತ್ರಿ ಪಾಳಿಯೂ ಅದೇ, ಕುಣಿತದ ರಾತ್ರಿಯೂ ಅದೇ.
ಎಲ್ಲಿಯದೋ ಉಗ್ರಾಣದಿಂದ ಹಳೆಯ ಟೇಪು ಹುಡುಕಿ ತಂದು
ತಾಳದ ಅಡಿಗೆ ಹಾಸಿದ್ದಾಳೆ.

ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು ಕೇಳಿದಳು ಬೆರಿಲ್.
ನಾಲ್ಕು ಏಟು ಆಗಿರಬಹುದು.
“ಮೂರನೇ ನಂಬರು ಇದು” ಅಂದಳು, “ನಮ್ಮ ಮೂರನೇ ನಂಬರು.
ಏಳುವಾಗ ಒಂಚೂರು ಕುಂಟ್ತಿತ್ತು.
ರಿಪೇರಿ ಮಾಡ್ರೋ ಅಂತ ಬರೆದು ಬರೆದು ಸಾಕಾಗಿತ್ತು ನಂಗೆ.”
ಕೇಳಿ ನೋಡಿದೆ. ಹೌದು, ಕುಂಟುತ್ತದೆ.
ಈಗ ಇಪ್ಪತ್ತರ ಹುಡುಗರು ಸೊಂಟ ತಿರುಗಿಸುವುದು
ಸರಿಯಾಗಿ ಆ ಕುಂಟಿನ ಮೇಲೆಯೇ.

ಶಾನೆಲ್ ಗೆಲ್ಲಲಿಲ್ಲ.
ಮಧ್ಯಾಹ್ನವೇ ಓದಿ ಮುಗಿಸಿದರಂತೆ ಆ ವಿಭಾಗ,
ಟೀವಿಯವರು ಇನ್ನೂ ದೀಪ ಹೊಂದಿಸುತ್ತಿದ್ದಾಗ,
ಜನ ಕುರ್ಚಿ ಹುಡುಕುತ್ತಿದ್ದಾಗ.

ಮುಂದಿನ ತಪಾಸಣೆಯಲ್ಲಿ ಅವಳೇ ಕೇಳಿದಳು,
ನಿಮ್ಮ ಭಾಷೆಯಲ್ಲಿ ಇದಕ್ಕೆ ಏನಂತೀರಿ?
‘ಪ್ರಶಸ್ತಿ’ ಅಂದೆ.
ತುಟಿ ಓದಲು ನೋಡಿ, ಸೋತು, “ಪ್ರತಿ?” ಅಂದಳು.

ಶ ತೆಗೆದು, ಸ ತೆಗೆದು
ಅವಳ ಕಿವಿ ಜರಡಿ ಹಿಡಿದು ಕೊಟ್ಟದ್ದು ಅಷ್ಟೇ.
ತಿದ್ದಬೇಕಿತ್ತು, ಕೆಲಸವೇ ಅದು ನನಗೆ.
ತಿದ್ದಲಿಲ್ಲ.
“ಅಂದರೇನು?”
ಒಂದರ ಹಾಗೆ ಇನ್ನೊಂದು ಅಂತ, ಅಂದೆ.
ಪ್ರತಿಯೊಬ್ಬರು ಅನ್ನುವಾಗಲೂ ಅದೇ ಬರುತ್ತದೆ.

ಶನಿವಾರ ಮನೆಗೆ ಕರೆದಳು. ಕಪಾಟಿನ ಮೇಲಿಂದ
ಬಿಸ್ಕತ್ತಿನ ಡಬ್ಬಿ ಇಳಿಸಿದಳು, ಭಾರವಿತ್ತು.
ಇಪ್ಪತ್ತೆರಡು ವರ್ಷದ ಸೋತವರು.
ಒಂದನ್ನೂ ಕರಗಿಸಿಲ್ಲ ಪುಣ್ಯಾತ್ಗಿತ್ತಿ.
ಎಲ್ಲಕ್ಕೂ ಮೇಲೆ ಶಾನೆಲ್, ಇನ್ನೂ ಹೊಳಪು ಮಾಸದೆ.

ಹತ್ತು ಹೊಡೆಯಿತು. ಗೋದಾಮು ಶುರುವಾಯಿತು.
ನೆಲ ಒಂದು ಸಲ ಗುಮ್ಮೆಂದಿತು, ಕಪ್ಪಿನಲ್ಲಿ ಚಹಾ ಅಲುಗಿತು,
ಡಬ್ಬಿಯೊಳಗೆ ಹಿತ್ತಾಳೆಗೆ ಹಿತ್ತಾಳೆ ತಾಗಿ
ಸಣ್ಣಗೆ, ತೀರಾ ಸಣ್ಣಗೆ
ಸ್ ಶ್ ಸ್ ಎನ್ನತೊಡಗಿದವು ಹೆಸರುಗಳು.
ಅದು ನನಗೆ ಮಾತ್ರ ಕೇಳುವ ಸದ್ದು.
ಬೆರಿಲ್ ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು
ಇನ್ನೊಂದು ಕೈಯಿಂದ ನನಗೆ ಸಕ್ಕರೆ ಹಾಕುತ್ತಿದ್ದಳು,
ಒಂದು, ಎರಡು, ತಾಳಕ್ಕೆ ಸರಿಯಾಗಿ.